ಮೈಸೂರು ಸೀಮೆಯ ಮೋಜಣಿಯೂ ಕರ್ನಲ್ ಕಾಲಿನ್ ಮೆಕೆಂಜಿಯೂ

ಕ್ರಿ. ಶ. ೧೭೯೯ನೆಯ ಮೇ ೪ರಂದು ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯು ಇಂಗ್ಲಿಷರ ವಶವಾಯಿತು. ಟೀಪೂ ಸುಲ್ತಾನನು ಕೋಟೆಯೊಳಗೆ ಹೋರಾಡುತ್ತ ಮಡಿದನು. ಎರಡು ತಿಂಗಳು ತುಂಬುವ ಮೊದಲೇ ರಾಜ್ಯವು ಹಂಚಿಹೋಗಿ, ಜೂನ್ ೩೦ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಯುದ್ಧದ ಈ ವೃತ್ತಾಂತವು ಸರ್ವವಿದಿತವಾದುದು. ಆದರೆ ಯುದ್ಧವು ಮುಗಿದ ಮೇಲೆ ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ ಎದುರಾದ ಪ್ರಶ್ನೆಯೊಂದುಂಟು. ಅದನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ಗೆದ್ದ ನಾಡು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ? ಅದರಲ್ಲಿ ಊರುಗಳೆಷ್ಟು, ಕೆರೆಗಳೆಷ್ಟು? ಆ ಊರುಗಳು ಯಾರಿಂದ ಯಾರಿಗೆ ಹೇಗೆ ಸಂದುವು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಕೆಲಸವು ಕುಂಪಣಿಯ ಸೈನ್ಯದ ಇಂಜಿನಿಯರನಾದ ಕಾಲಿನ್ ಮೆಕೆಂಜಿಯ ಪಾಲಿಗೆ ಬಂದಿತು. ಕನ್ನಡ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳು ಈತನನ್ನು ಕೈಫಿಯತ್ತುಗಳ ಸಂಗ್ರಾಹಕನೆಂದು ಮಾತ್ರ ಬಲ್ಲರು. ಆ ಸಂಗ್ರಹವು ಮೋಜಣಿಯಿಂದ ಹುಟ್ಟಿತು. ಮೋಜಣಿಯು ರಾಜ್ಯದ ಹಂಚಿಕೆಯಿಂದ ಹುಟ್ಟಿತು. ಈ ಸಂಬಂಧವನ್ನು ತಿಳಿಯದೆ ಕೈಫಿಯತ್ತುಗಳ ಸಾಕ್ಷ್ಯಕ್ಕೆ ಬೆಲೆಕಟ್ಟಲು ಬರುವುದಿಲ್ಲ.

ಮೆಕೆಂಜಿಯು ಸ್ಕಾಟ್ಲೆಂಡಿನ ವಾಯವ್ಯದಲ್ಲಿರುವ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಊರಿನವನು; ೧೭೫೪ರ ಸುಮಾರಿನಲ್ಲಿ ಹುಟ್ಟಿದವನು. ಅಲ್ಲಿ ಕೆಲಕಾಲ ಸುಂಕದ ಕಚೇರಿಯಲ್ಲಿದ್ದನು. ಲಾಗರಿದಮ್ ಗಣಿತವನ್ನು ಕಂಡುಹಿಡಿದ ಜಾನ್ ನೇಪಿಯರನ ಚರಿತ್ರೆಯನ್ನು ಅವನ ವಂಶಸ್ಥನೊಬ್ಬನು ಬರೆಯಲೆಳಸಿದಾಗ, ಹಿಂದೂಗಳ ಗಣಿತದ ವಿಷಯದಲ್ಲಿ ಸಾಮಗ್ರಿಯನ್ನು ಕೂಡಿಸಲು ಈ ತರುಣನು ನೆರವಾದನೆಂದೂ, ಅದರಿಂದ ಅವನಿಗೆ ಭಾರತದಲ್ಲಿ ಆಸಕ್ತಿ ಹುಟ್ಟಿತೆಂದೂ ಹೇಳುವರು. ೧೭೮೩ರಲ್ಲಿ ಮದರಾಸಿಗೆ ಬಂದು ಸೈನ್ಯವನ್ನು ಸೇರಿದನು; ೧೭೮೬ರಲ್ಲಿ ಇಂಜಿನಿಯರುಗಳ ದಳಕ್ಕೆ ಬದಲಾದನು. ಅಂದಿನಿಂದ ೧೮೨೧ರಲ್ಲಿ ಸಾಯುವವರೆಗೆ ಮತ್ತೆ ಯೂರೋಪನ್ನು ಕಾಣಲಿಲ್ಲ.

ಶ್ರೀರಂಗಪಟ್ಟಣದ ಮುಂದೆ ಈತನು ಎರಡು ಸಲ ನಿಂತವನು. ಮೊದಲನೆಯದು ೧೭೯೨ರಲ್ಲಿ, ಲಾರ್ಡ್ ಕಾರ್ನ್‌ವಾಲಿಸನ ಮುತ್ತಿಗೆಯ ಕಾಲದಲ್ಲಿ. ಆ ಯುದ್ಧದ ಕೊನೆಯಲ್ಲಿ ಟೀಪುವು ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಡಬೇಕಾಯಿತು. ಬಳಿಕ ಮೆಕೆಂಜಿಯು ನಿಜಾಮನ ಸೀಮೆಯಲ್ಲಿ ಮೋಜಣಿ ಮಾಡುತ್ತ, ನಡುನಡುವೆ ಪುದುಚೇರಿಯ ಮತ್ತು ಸಿಂಹಳದ ದಂಡಯಾತ್ರೆಗಳಿಗೂ ಹೋಗಿಬಂದನು. ಎರಡನೆಯ ಸಲ, ೧೭೯೯ರಲ್ಲಿ, ನಿಜಾಮನ ಕಡೆಯ ಸೈನ್ಯದ ಇಂಜಿನಿಯರನಾಗಿ ಬಂದನು. ಆಗ ಅವನು ಕ್ಯಾಪ್ಟನ್ ಪದವಿಯಲ್ಲಿದ್ದನು.

ಕೋಟೆಯು ಬಿದ್ದ ಬಳಿಕ ರಾಜ್ಯದ ವಿಲೇವಾರಿಗೆ ಐವರ ಮಂಡಲಿಯೊಂದು ನೇಮಕವಾಯಿತು. ಜನರಲ್ ಹ್ಯಾರಿಸ್, ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಇವರು ಅದರ ಸದಸ್ಯರು. ಮ್ಯಾಲ್ಕಮ್ ಮತ್ತು ಮನ್ರೋ ಕಾರ್ಯದರ್ಶಿಗಳು. ಜೂನ್ ೨೨ರ ಹಂಚಿಕೆಯ ಒಪ್ಪಂದದಂತೆ ಕನ್ನಡ ಜಿಲ್ಲೆ, ಕೊಯಮತ್ತೂರು ಮೊದಲಾದುವು ಕುಂಪಣಿಗೂ, ಗುತ್ತಿ, ಗುರ್ರಂಕೊಂಡ ಮೊದಲಾದುವು ನಿಜಾಮನಿಗೂ ಹೋದುವು, ಉಳಿದುದು ಮೈಸೂರಾಯಿತು. ಶ್ರೀರಂಗಪಟ್ಟಣದ ಕೋಟೆಯನ್ನೂ ದ್ವೀಪವನ್ನೂ ಕುಂಪಣಿಯು ತಾನೇ ಇಟ್ಟುಕೊಂಡಿತು. ಜುಲೈ ೮ರ ಸಹಾಯಕ ಒಪ್ಪಂದದಲ್ಲಿ ಮೈಸೂರು ವರ್ಷಂಪ್ರತಿ ಏಳು ಲಕ್ಷ ಸ್ಟಾರ್ ವರಾಹಗಳನ್ನು ಸಲ್ಲಿಸಬೇಕೆಂದು ಗೊತ್ತಾಯಿತು. ದಿವಾನ ಪೂರ್ಣಯ್ಯನು ಆಡಳಿತವನ್ನು ವಹಿಸಿದನು. ಬ್ಯಾರಿ ಕ್ಲೋಸನು ಮೊದಲನೆಯ ರೆಸಿಡೆಂಟನಾದನು.

ಈ ಹಂಚಿಕೆಯು ಕಾಗದದ ಮೇಲೆ ನಡೆದುದು. ತಾಲ್ಲೂಕುಗಳ ಹೆಸರನ್ನೂ ಅವುಗಳ ಹುಟ್ಟುವಳಿಯ ಮೊಬಲಗನ್ನೂ ಪಟ್ಟಿಮಾಡಿ, ಮೊಬಲಗು ಸರಿತೂಗುವಂತೆ ಪಾಲು ಹಾಕಿದರು. ಆದರೆ ಒಂದು ತಾಲ್ಲೂಕಿನ ಹಳ್ಳಿಗಳು ಮತ್ತೊಂದರ ನಡುವೆ ಚೆದರಿಬಿದ್ದಿರುವುದುಂಟು. ಹೆಸರು ಒಂದೇ ಆದ ಊರುಗಳು ಹಲವಿರುವುದುಂಟು. ಹುಟ್ಟುವಳಿಯ ಲೆಕ್ಕದಿಂದ ಹಣದ ಪಾಲು ತಿಳಿಯುವುದೇ ಹೊರತು ನೆಲದ ಎಲ್ಲೆಯು ತಿಳಿಯುವುದಿಲ್ಲ. ಆದುದರಿಂದ ಗೌರ್ನರ್ ಜನರಲನು ಅದೇ ವರ್ಷದಲ್ಲಿ ಮೈಸೂರು ಸೀಮೆಯ ಮೋಜಣಿಗೆ ಮೆಕೆಂಜಿಯನ್ನು ನೇಮಿಸಿದನು. ಎಲ್ಲೆಯನ್ನು ಗೊತ್ತುಮಾಡುವುದು ಮೊದಲ ಕೆಲಸ. ಒಳನಾಡಿನ ಸ್ಥಿತಿಗತಿಗಳನ್ನು ಬರೆಯುವುದು ಮುಂದಿನದು.

ಆಗ ಈ ಸೀಮೆಯ ಹೃದಯಭಾಗವು ಯಾವ ಸ್ಥಿತಿಯಲ್ಲಿದ್ದಿತೆಂಬುದನ್ನು, ಈಗ ಮಂಡ್ಯ ಜಿಲ್ಲೆಗೆ ಸೇರಿರುವ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ಅರಿಯಬಹುದು. ಟೀಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜುಮಾಡಲಾದ ಶ್ರೀರಂಗಪಟ್ಟಣದಲ್ಲಿ, ಪಾಳೆಯವನ್ನು ಬಿಟ್ಟು, ೧೮೦೦ರಲ್ಲಿ ಉಳಿದವರು ೩೧,೮೯೫ ಮಂದಿ. ಅರಮನೆಯು ಮೈಸೂರಿಗೆ ಹೋಯಿತು. ೧೮೧೧ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಜ್ವರವು ಮಾತ್ರ ಊರಿನಲ್ಲಿ ಉಳಿಯಿತು. ನಾಗಮಂಗಲವು ೧೭೯೨ರಲ್ಲಿ ಮರಾಠರ ದಂಡಿನಿಂದ ಹಾಳಾಗಿತ್ತು. ಅದಕ್ಕೆ ಇಪ್ಪತ್ತು ವರ್ಷ ಮೊದಲು, ೧೭೭೧ರಲ್ಲಿ, ಹೈದರನು ಚಿನಕುರಳಿಯಲ್ಲಿ ಸೋತಾಗ ಮೇಲುಕೋಟೆಯು ಸೂರೆಯಾಗಿತ್ತು. ಒಂದು ತಲೆಮಾರಿನ ಅವಧಿಯಲ್ಲಿ ಇಷ್ಟು ದಂಡುಗಳು ಹಾದುಹೋದ ನಾಡಿನಲ್ಲಿ ದಾನಶಾಸನಗಳೂ ಕಡತಗಳೂ ಓಲೆಗಳೂ ಎಷ್ಟು ಉಳಿದಿರಬಹುದೆಂಬುದು ಊಹೆಗೆ ಬಿಟ್ಟ ವಿಷಯ.

ಇಲ್ಲಿ ಸ್ಥಳನಾಮಗಳ ವಿಷಯದಲ್ಲಿ ಒಂದು ಎಚ್ಚರವು ಅಗತ್ಯ. ಆ ಕಾಲದ ಕಾಗದಪತ್ರಗಳಲ್ಲಿ ಕೃಷ್ಣರಾಜಪೇಟೆಯನ್ನು ಹುಡುಕುವವರು ನಿರಾಶರಾಗುವರು. ಅದರ ಹಳೆಯ ಹೆಸರು ಅತ್ತಿಕುಪ್ಪೆ. ಹೊಸ ಹೆಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದುದು. ಪಾಂಡವಪುರವೆಂಬುದು ಇನ್ನೂ ಈಚಿನ ಹೆಸರು. ಜನರ ಬಾಯಲ್ಲಿ ಅದು ಹಿರೋಡೆ. ಹೈದರ್ ಮತ್ತು ಟೀಪುಗಳ ಸೇವೆಯಲ್ಲಿದ್ದ ಫ್ರೆಂಚರ ಪಾಳೆಯವು ಅಲ್ಲಿಯ ಬಂಡೆಗಳ ಬಳಿ ಇದ್ದುದರಿಂದ ಇಂಗ್ಲಿಷರಿಗೆ ಅದು ಫ್ರೆಂಚ್ ರಾಕ್ಸ್. ಹೀಗೆ ಒಂದೇ ಊರು ಗ್ರಾಮದ ಲೆಕ್ಕದಲ್ಲಿ ಒಂದು ಹೆಸರಿನಿಂದಲೂ, ದಂಡಿನ ನಕ್ಷೆಯಲ್ಲಿ ಮತ್ತೊಂದು ಹೆಸರಿನಿಂದಲೂ ತೋರುವುದು. ಮಂಡ್ಯ ಜಿಲ್ಲೆಯೇ ೧೯೩೯ರಲ್ಲಿ ಏರ್ಪಟ್ಟುದಾದ್ದರಿಂದ, ಹಳೆಯ ಪಟ್ಟಿಗಳಲ್ಲಿ ಈ ಊರುಗಳನ್ನೆಲ್ಲ ಮೈಸೂರಿನ ಅಂಗವಾಗಿಯೇ ಹುಡುಕಬೇಕು.

ಮೋಜಣಿಯ ಕ್ರಮವು ಎರಡು ಬಗೆಯದು. ಮೊದಲನೆಯದು ನೆಲದ ಅಳತೆ. ಸಮವಾದ ಬಯಲಿನಲ್ಲಿ ಒಂದು ಗೆರೆಯನ್ನು ಜಾಗರೂಕತೆಯಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟಗಳ ಶಿಖರಗಳನ್ನು ನೋಡಿ ಕೋನಗಳನ್ನು ಗುರುತಿಸಿದರೆ, ತ್ರಿಕೋಣಗಳ ಗಣಿತದಿಂದ ಆ ಶಿಖರಗಳ ಸ್ಥಾನವು ದೊರೆಯುವುದು. ಹೀಗೆ ದೊರೆತ ಬಿಂದುಗಳ ನಡುವೆ ಹಳ್ಳಿ, ಕೆರೆ, ದಾರಿ, ಹೊಳೆಗಳನ್ನು ತುಂಬುವರು. ಇದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಮತ್ತೊಬ್ಬ ಸೈನ್ಯಾಧಿಕಾರಿಯು, ಅವನೂ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನೇ, ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಅವನ ಗುರಿಯು ಭೂಮಿಯ ಆಕಾರವನ್ನು ತಿಳಿಯುವುದು. ಮೆಕೆಂಜಿಯ ಗುರಿಯು ನಾಡಿನ ಸ್ವರೂಪವನ್ನು ತಿಳಿಯುವುದು. ಒಬ್ಬನು ಬೆಟ್ಟದಿಂದ ಬೆಟ್ಟಕ್ಕೆ ನೋಡಿದನು; ಇನ್ನೊಬ್ಬನು ಹಳ್ಳಿಯಿಂದ ಹಳ್ಳಿಗೆ ನಡೆದನು. ಮೇದರ್, ಆರ್ಥರ್, ವಾರನ್ ಎಂಬವರು ಮೆಕೆಂಜಿಯ ಸಹಾಯಕರು. ಸಸ್ಯಶಾಸ್ತ್ರಜ್ಞನಾದ ಹೈನೆಯೂ ಈ ಮೋಜಣಿಗೆ ಸೇರಿದ್ದನು. ಕೋಲಾರದ ಕಡೆಯಲ್ಲಿ ಎಲ್ಲೆಯನ್ನು ಗುರುತಿಸುತ್ತಿದ್ದ ವಾರನನು ೧೮೦೨ರಲ್ಲಿ ಅಲ್ಲಿಯ ಮಣ್ಣಿನಲ್ಲಿ ಚಿನ್ನವಿರುವುದನ್ನು ವರದಿಮಾಡಿದುದು ಈ ಕೆಲಸದ ಉಪಫಲಗಳಲ್ಲೊಂದು.

ಎರಡನೆಯ ಬಗೆಯೇ ಸಾಹಿತ್ಯ ಚರಿತ್ರೆಗೆ ಮುಖ್ಯವಾದುದು. ಪ್ರತಿಯೊಂದು ಸೀಮೆಯ ವಿಷಯವಾಗಿ ಗ್ರಾಮಗಳ ಪಟ್ಟಿ, ಕೆರೆಕಟ್ಟೆಗಳು, ಬೆಳೆ, ಜಾತಿ, ಕಸಬುಗಳೊಡನೆ ಆ ಸೀಮೆಯ ಪೂರ್ವವೃತ್ತಾಂತವನ್ನೂ ಬರೆಯಿಸಬೇಕೆಂದು ಮೆಕೆಂಜಿಯು ಗೊತ್ತುಮಾಡಿದನು. ಅವನ ಕಡೆಯ ಜನರು ಊರಿಗೆ ಹೋಗಿ ಶಾನುಭೋಗ, ಪಟೇಲ, ಅರ್ಚಕ, ಮಠಾಧಿಪತಿ, ಹಳೆಯ ಪಾಳೆಯಗಾರರ ವಂಶಸ್ಥರು ಇವರನ್ನು ಕಂಡು, ಕಡತ, ಬಖೈರು, ವಂಶಾವಳಿ, ಸ್ಥಳಪುರಾಣಗಳಿದ್ದರೆ ಪ್ರತಿ ಮಾಡಿಕೊಂಡು, ಇಲ್ಲದಿದ್ದರೆ ಬಾಯಿಮಾತನ್ನು ಕೇಳಿ ಬರೆದುಕೊಳ್ಳುವರು. ಹೀಗೆ ಬರೆದುಕೊಟ್ಟ ಹೇಳಿಕೆಯೇ ಕೈಫಿಯತ್ತು. ಮೋಜಣಿಯು ೧೮೦೮ರ ಹೊತ್ತಿಗೆ ಬಹುಮಟ್ಟಿಗೆ ಮುಗಿದು, ಸುಮಾರು ೪೦,೦೦೦ ಚದರ ಮೈಲಿಯ ನಕ್ಷೆಗಳೂ ಏಳು ಸಂಪುಟಗಳ ವಿವರಣೆಯೂ ಸಿದ್ಧವಾದುವು. ಗ್ರಂಥಗಳ ಸಂಗ್ರಹಕ್ಕಾಗಿ ಮೆಕೆಂಜಿಯು ತನ್ನ ಕೈಯಿಂದಲೂ ಧಾರಾಳವಾಗಿ ವೆಚ್ಚಮಾಡಿದನು.

ಆದರೆ ಮೆಕೆಂಜಿಗೆ ಕನ್ನಡವಾಗಲಿ ಸಂಸ್ಕೃತವಾಗಲಿ ತಮಿಳು ತೆಲುಗುಗಳಾಗಲಿ ಬರುತ್ತಿರಲಿಲ್ಲ. ಇದು ಮರೆಯತಕ್ಕ ಸಂಗತಿಯಲ್ಲ. ಅವನ ಕಣ್ಣು ಕಿವಿಗಳಾಗಿದ್ದವರು ಈ ದೇಶದ ಪಂಡಿತರು. ಅವರಲ್ಲಿ ಮೊದಲಿಗನು ಏಲೂರಿನ ಕಾವಲಿ ವೆಂಕಟ ಬೊರ್ರಯ್ಯ. ೧೭೭೬ರಲ್ಲಿ ಹುಟ್ಟಿದ ಈ ತೆಲುಗು ಬ್ರಾಹ್ಮಣನು ಇಪ್ಪತ್ತು ವರ್ಷದವನಾಗಿದ್ದಾಗ ಮೆಕೆಂಜಿಯನ್ನು ಸೇರಿ, ಮೈಸೂರಿನ ಮೋಜಣಿಯಲ್ಲಿ ಹಳಗನ್ನಡದ ಶಾಸನಾಕ್ಷರಗಳನ್ನು ಓದುವುದನ್ನು ಸಾಧಿಸಿದನು. ಆಡಳಿತದ ಕನ್ನಡವನ್ನು ಬಲ್ಲವರು ಆಗ ಸಾವಿರಾರು ಮಂದಿ ಇದ್ದರು. ಏಳುನೂರು ವರ್ಷಗಳ ಹಿಂದಿನ ಲಿಪಿಯನ್ನು ಓದಬಲ್ಲವರು ಅತಿ ವಿರಳ. ೧೮೦೩ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಬೊರ್ರಯ್ಯನು ತೀರಿಕೊಂಡನು. ಜೈನರ ವಿಷಯವಾಗಿ ಅವನು ಮಾಡಿದ ಭಾಷಾಂತರವು ಅವನ ಮರಣಾನಂತರ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅವನ ಹೆಸರಿನೊಡನೆ ಅಚ್ಚಾಯಿತು. ಅವನ ತಮ್ಮಂದಿರಾದ ಲಕ್ಷ್ಮಯ್ಯನೂ ರಾಮಸ್ವಾಮಿಯೂ ಕೆಲಸವನ್ನು ಮುಂದುವರಿಸಿದರು. ಜೈನಶಾಸ್ತ್ರಗಳಲ್ಲಿಯೂ ಹಳಗನ್ನಡದಲ್ಲಿಯೂ ಪರಿಚಯವಿದ್ದ ಧರ್ಮಯ್ಯನೆಂಬ ಪಂಡಿತನು ಇವರ ಜತೆಯಲ್ಲಿ ದುಡಿದನು.

ಮೋಜಣಿಯು ಕನ್ನಡಕ್ಕೆ ಒಂದು ಗ್ರಂಥವನ್ನೂ ತಂದುಕೊಟ್ಟಿತು. ೧೮೦೪ರಲ್ಲಿ ಮೆಕೆಂಜಿಯ ಸವಾರಿಯು ಚಾಮರಾಜನಗರದ ಕಡೆಯ ಕನಕಗಿರಿಗೆ, ಎಂದರೆ ಮಲೆಯೂರಿಗೆ, ಬಂದಾಗ ಅಲ್ಲಿಯ ಜೈನಪಂಡಿತನಾದ ದೇವಚಂದ್ರನು ಅವನನ್ನು ಕಂಡು ಸ್ಥಳದ ಪೂರ್ವವೃತ್ತಾಂತಗಳನ್ನು ತಿಳಿಸಿದನು. ಇನ್ನೂ ಹೆಚ್ಚಿನ ವಿವರಗಳನ್ನು ಬರೆಯುವಂತೆ ಅವನಿಗೆ ಪ್ರೇರಣೆಯಾಯಿತು. ಅದರ ಫಲವಾದ ರಾಜಾವಳೀಕಥೆಯು ಮುಗಿದುದು ೧೮೩೮ರ ಸುಮಾರಿನಲ್ಲಿ. ಅಷ್ಟು ಹೊತ್ತಿಗೆ ಪ್ರೇರಕನು ಕಾಲವಾಗಿ ಹದಿನೇಳು ವರ್ಷಗಳು ಕಳೆದಿದ್ದುವು. ಗ್ರಂಥವು ಮೈಸೂರಿನ ರಾಜಮನೆತನದ ಆಶ್ರಯದಲ್ಲಿ ಪೂರ್ಣವಾಯಿತು. ಕನ್ನಡ ಕವಿಗಳ ಕಾಲವಿಚಾರದಲ್ಲಿ ರಾಜಾವಳೀಕಥೆಯ ಮಾತನ್ನು ನಂಬಬಹುದೇ ಎಂಬ ಚರ್ಚೆಯು ವಿದ್ವಾಂಸರಲ್ಲಿ ಬಹುಕಾಲ ನಡೆದಿದೆ. ಆ ಚರ್ಚೆಯಲ್ಲಿ ಗ್ರಂಥದ ಹುಟ್ಟನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಅದರ ಮೊದಲ ಶ್ರೋತೃವು ಶ್ರಾವಕನಲ್ಲ; ಹೊರದೇಶದ ಅಧಿಕಾರಿಯೊಬ್ಬನು ಕೇಳಿದ ಪ್ರಶ್ನೆಗೆ ಜೈನಪರಂಪರೆಯು ತನ್ನ ನೆನಪನ್ನೆಲ್ಲ ಒಟ್ಟುಗೂಡಿಸಿ ಕೊಟ್ಟ ಉತ್ತರವದು.

ಈ ಸಹಯೋಗದ ಸ್ಮಾರಕವಾಗಿ ಒಂದು ಚಿತ್ರವುಂಟು. ೧೮೧೬ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ತೈಲಚಿತ್ರದಲ್ಲಿ ಮೆಕೆಂಜಿಯು ಕೆಂಪು ಅಂಗಿಯಲ್ಲಿ ನಡುವೆ ನಿಂತಿದ್ದಾನೆ. ಸುತ್ತಲೂ ಈ ದೇಶದವರು ಮೂವರು, ಒಬ್ಬನ ಕೈಯಲ್ಲಿ ದೂರದರ್ಶಕ, ಒಬ್ಬನ ಕೈಯಲ್ಲಿ ಓಲೆಗರಿ. ಹಿಂದೆ ದೂರದಲ್ಲಿ ಶ್ರವಣಬೆಳ್ಗೊಳದ ಗೊಮ್ಮಟನ ಮೂರ್ತಿ. ಅಧಿಕಾರಿಯ ಹೆಸರಿನಿಂದಲೇ ಚಿತ್ರವು ಪ್ರಸಿದ್ಧವಾಗಿದೆ. ಉಳಿದವರು ಯಾರು ಯಾರೆಂಬುದು ವಾದದ ವಿಷಯವಾಗಿದೆ. ಸಂಗ್ರಹದ ಚರಿತ್ರೆಯೂ ಬಹುಕಾಲ ಹೀಗೆಯೇ ಬರೆಯಲ್ಪಟ್ಟಿತು.

ಮೆಕೆಂಜಿಯು ೧೮೧೦ರಲ್ಲಿ ಮದರಾಸಿನ ಸರ್ವೆಯರ್ ಜನರಲನಾಗಿ, ಬಳಿಕ ಜಾವಾದ ದಂಡಯಾತ್ರೆಗೆ ಹೋಗಿಬಂದು, ೧೮೧೫ರಲ್ಲಿ ಇಡೀ ಭಾರತದ ಸರ್ವೆಯರ್ ಜನರಲನಾದನು. ೧೮೨೧ನೆಯ ಮೇ ೮ರಂದು ಕಲ್ಕತ್ತೆಯ ಬಳಿ ತೀರಿಕೊಂಡನು. ಅವನ ಪತ್ನಿಯಿಂದ ಸರಕಾರವು ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗಳಿಗೆ ಕೊಂಡಿತು. ವಿಲ್ಸನ್ ಪಂಡಿತನು ೧೮೨೮ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಅದರಲ್ಲಿದ್ದುವು ೧,೫೬೮ ಗ್ರಂಥಗಳು, ೨,೦೭೦ ಸ್ಥಳವೃತ್ತಾಂತಗಳು, ೮,೦೭೬ ಶಾಸನಪ್ರತಿಗಳು, ೬,೨೧೮ ನಾಣ್ಯಗಳು. ಆಮೇಲೆ ಒಂದು ಭಾಗವು ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಗ್ರಂಥಗಳು ಮದರಾಸಿಗೆ ಬಂದುವು. ಸಂಗ್ರಹವನ್ನು ವಿವರಿಸಿ ಮುಂದುವರಿಸುವ ಭಾರವನ್ನು ತನಗೆ ಒಪ್ಪಿಸಬೇಕೆಂದು ಲಕ್ಷ್ಮಯ್ಯನು ಬೇಡಿಕೊಂಡನು. ೧೮೩೦ರ ದಶಕದಲ್ಲಿ ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯವನ್ನು ಕೇಳಲಾಗಿ, ಇಂಥ ಕೆಲಸವನ್ನು ನಡೆಸಲು ಅವನು ಸಮರ್ಥನಲ್ಲವೆಂದು ಬಂದಿತು. ಕೆಲಸವು ಪಾದ್ರಿ ಟೇಲರನಿಗೆ ಹೋಯಿತು. ಅಣ್ಣನು ಅಕ್ಷರಗಳನ್ನು ಓದಿ ತೋರಿಸಿದ್ದನು. ತಮ್ಮನು ಮೂವತ್ತು ವರ್ಷಗಳಿಗೂ ಮೇಲೆ ಆ ಸಾಮಗ್ರಿಯೊಡನೆ ಬಾಳಿದ್ದನು. ಆದರೂ ಯಜಮಾನನು ಹೋದೊಡನೆ ಆ ಪಾಂಡಿತ್ಯಕ್ಕೆ ಬೆಲೆಯಿಲ್ಲದೆ ಹೋಯಿತು. ಕನ್ನಡದ ಕೈಫಿಯತ್ತುಗಳು ಕನ್ನಡ ಓದುಗರಿಗೆ ಒಂದೆಡೆ ದೊರೆತುದು ೧೯೯೪ರಲ್ಲಿ, ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವನ್ನು ಪ್ರಕಟಿಸಿದಾಗ.

ಇನ್ನು ಈ ಸಾಮಗ್ರಿಯ ಪ್ರಾಮಾಣ್ಯದ ವಿಚಾರ. ಕೈಫಿಯತ್ತನ್ನು ಹೇಳಿದವನು ಯಾರ ಮುಂದೆ ಹೇಳುತ್ತಿದ್ದನೆಂಬುದನ್ನು ಮೊದಲು ನೆನೆಯಬೇಕು. ರಾಜ್ಯವು ಆಗತಾನೆ ಕೈಬದಲಾಯಿಸಿತ್ತು. ಇನಾಮುಗಳೂ ಉಂಬಳಿಗಳೂ ಉಳಿಯುವುವೋ ಹೋಗುವುವೋ ಎಂಬ ಶಂಕೆಯಿತ್ತು. ಅಂತಹ ಕಾಲದಲ್ಲಿ ಸರಕಾರದ ಕಡೆಯವನು ಬಂದು ನಿಮ್ಮ ಊರಿನ ಪೂರ್ವೋತ್ತರವೇನೆಂದು ಕೇಳಿದರೆ, ಉತ್ತರದಲ್ಲಿ ಚರಿತ್ರೆಯೊಡನೆ ಹಕ್ಕಿನ ಮಂಡನೆಯೂ ಬೆರೆಯುವುದು ಸಹಜ. ಮಾನ್ಯವು ಬಹು ಪುರಾತನವಾಗಿಯೂ, ಕೊಟ್ಟವನು ಬಹು ಪ್ರಸಿದ್ಧನಾಗಿಯೂ ಕಾಣುವನು. ಹಿಂದಿನ ದೊರೆಯಿಂದಾದ ನಷ್ಟವು ಹಿಗ್ಗಿ ತೋರುವುದು. ಆದುದರಿಂದ ಹಿಂದಿನ ಶತಮಾನಗಳ ಸಂಗತಿಗಳಲ್ಲಿ ಕೈಫಿಯತ್ತನ್ನು ಒಂಟಿಯಾಗಿ ನಂಬಲಾಗದು. ಅದನ್ನು ಶಾಸನದೊಡನೆ ಹೋಲಿಸಿ ನೋಡಬೇಕು. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಈ ಅನುಕೂಲವು ಚೆನ್ನಾಗಿದೆ. ರೈಸ್ ಸಾಹೇಬನು ೧೮೯೪ ಮತ್ತು ೧೮೯೮ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರು ನಾಲ್ಕನೆಯ ಸಂಪುಟಗಳಲ್ಲಿ ಇಲ್ಲಿಯ ಶಾಸನಗಳು ಅಚ್ಚಾಗಿವೆ. ನಾಗಮಂಗಲದ ಕಡೆಯ ದೇವರಹಳ್ಳಿಯ ಗಂಗರ ತಾಮ್ರಪಟವು ಎಂಟನೆಯ ಶತಮಾನಕ್ಕೆ ಒಯ್ಯುವುದು. ಕಿಕ್ಕೇರಿ, ಹೊಸಹೊಳಲು, ಮೇಲುಕೋಟೆಗಳ ಹೊಯ್ಸಳ ಕಾಲದ ವೃತ್ತಾಂತವನ್ನು ಸ್ಥಳಪುರಾಣದ ಆಸರೆಯಿಲ್ಲದೆಯೇ ಶಾಸನಶಿಲ್ಪಗಳಿಂದ ನಿಶ್ಚಯಿಸಬಹುದು.

ಆದರೆ ಕೈಫಿಯತ್ತು ತನ್ನ ಕಾಲಕ್ಕೆ ಒಳ್ಳೆಯ ಸಾಕ್ಷಿ. ೧೮೦೦ರ ಹೊತ್ತಿನಲ್ಲಿ ಒಂದು ಊರಿನವರು ತಮ್ಮ ಊರನ್ನು ಕುರಿತು ಏನು ನಂಬಿದ್ದರು, ಯಾವುದನ್ನು ಹೇಳಲು ಬಯಸಿದರು, ಯಾವ ಕನ್ನಡದಲ್ಲಿ ಹೇಳಿದರು ಎಂಬುದನ್ನು ಶಾಸನವು ಹೇಳಲಾರದು, ಕಾವ್ಯವೂ ಹೇಳಲಾರದು. ಪಾರಸಿ, ಮರಾಠಿಗಳ ಮಾತುಗಳು ಹೇರಳವಾಗಿ ಬೆರೆತ, ಅಲಂಕಾರವಿಲ್ಲದ ಆ ಗದ್ಯವು ಮುದ್ರಣವೂ ಪಾಠಶಾಲೆಯ ಪುಸ್ತಕಗಳೂ ಬರುವ ಮುನ್ನಿನ ವ್ಯವಹಾರದ ಕನ್ನಡ. ಕನ್ನಡ ಗದ್ಯದ ಬೆಳವಣಿಗೆಯನ್ನು ಪಾಠಹೇಳುವವರು ಚಂಪೂಕಾವ್ಯ ವಚನಗಳಿಂದ ನೆಟ್ಟಗೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಾಟುವ ವಾಡಿಕೆಯುಂಟು. ನಡುವಣ ಕಂದಕಕ್ಕೆ ಇವು ಸೇತುವೆಯಾಗಬಲ್ಲುವು.

ಮೋಜಣಿಯ ಉದ್ದೇಶವು ಆಳುವುದು, ಇದನ್ನು ಮರೆಮಾಚಬೇಕಾದುದಿಲ್ಲ. ಎಲ್ಲೆಯು ತಿಳಿದರೆ ಕಂದಾಯವು ತಿಳಿಯುವುದು. ದಾರಿಯು ತಿಳಿದರೆ ದಂಡು ನಡೆಯುವುದು. ಆದರೂ ಆಳುವುದಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚನ್ನು ಮೆಕೆಂಜಿಯು ಕೇಳಿದನು. ಕೇಳಿದ್ದಕ್ಕಿಂತ ಹೆಚ್ಚನ್ನು ಬೊರ್ರಯ್ಯ, ಧರ್ಮಯ್ಯ, ದೇವಚಂದ್ರರು ಕೊಟ್ಟರು. ಗೆದ್ದವರ ರಾಜ್ಯವು ಹೋಯಿತು. ಶ್ರೀರಂಗಪಟ್ಟಣದ ದ್ವೀಪವೂ ೧೮೮೧ರಲ್ಲಿ ಮೈಸೂರಿಗೆ ಹಿಂದಿರುಗಿತು. ಹಳ್ಳಿಯ ಶಾನುಭೋಗನು ಅಂದು ಹೇಳಿ ಬರೆಯಿಸಿದ ಮಾತು ಉಳಿದಿದೆ. ಅದನ್ನು ಹೇಳಿದವನ ಊರಿನಲ್ಲಿಯೇ ನಿಂತು, ಶಾಸನವನ್ನು ಎದುರಿಗಿಟ್ಟುಕೊಂಡು ಮತ್ತೆ ಓದುವುದು ಈಗಿನ ವಿದ್ವಾಂಸರ ಪಾಲಿನ ಕೆಲಸ.